ಸೋಂಕೇ ಇಲ್ಲದ ಜ್ವರ: ಲೂಪಸ್‌ನಲ್ಲಿ ದೇಹ ಯಾವುದರ ಜೊತೆ ಹೋರಾಡುತ್ತಿದೆ?

ಪ್ರಶ್ನೆ: ನನ್ನ ಮಗಳಿಗೆ 24 ವರ್ಷ. ಕಳೆದ ಬೇಸಿಗೆಯಲ್ಲಿ ಜಾತ್ರೆಗೆ ಹೋಗಿ ಇಡೀ ದಿನ ಬಿಸಿಲಿನಲ್ಲಿದ್ದು ಬಂದ ಮೇಲೆ ಮೂಗು, ಕೆನ್ನೆಗಳ ಮೇಲೆ ಕೆಂಪು ದದ್ದು ಎದ್ದಿತು. ಅದರ ಬೆನ್ನಿಗೇ ಜ್ವರ, ಬೆರಳಿನ ಗಂಟುಗಳಲ್ಲಿ ನೋವು ಶುರುವಾಯಿತು. ಡೆಂಗಿ, ಮಲೇರಿಯಾ, ಟೈಫಾಯ್ಡ್, ಕ್ಷಯ ಯಾವುದೂ ಇಲ್ಲ ಎಂದು ವರದಿ ಬಂತು. ಕೊನೆಗೆ ಎಎನ್‌ಎ ಮತ್ತು ಡಿಎಸ್‌ಡಿಎನ್‌ಎ ಪರೀಕ್ಷೆಗಳು ಪಾಸಿಟಿವ್ ಬಂದು, ಲೂಪಸ್ ಎಂದು ತೀರ್ಮಾನವಾಯಿತು. ‘ಅವಳ ರೋಗನಿರೋಧಕ ಶಕ್ತಿಯೇ ಅವಳ ವಿರುದ್ಧ ತಿರುಗಿದೆ’ ಎಂದರು. ಕ್ರಿಮಿಯೇ ಇಲ್ಲದ ಮೇಲೆ ದೇಹ ಹೋರಾಡುತ್ತಿರುವುದಾದರೂ ಯಾವುದರ ಜೊತೆ? ಮಲೇರಿಯಾ ಇಲ್ಲದಿದ್ದರೂ ಮಲೇರಿಯಾ ಮಾತ್ರೆ ಕೊಟ್ಟಿದ್ದಾರೆ, ಏಕೆ? ಈಗ ಆರಾಮಾಗಿದ್ದಾಳೆ, ಅದನ್ನು ನಿಲ್ಲಿಸಬಹುದೇ? ರೋಗನಿರೋಧಕ ಶಕ್ತಿ ಹೆಚ್ಚಲಿ ಎಂದು ನಮ್ಮ ಅತ್ತೆಯವರು ದಿನವೂ ಅಮೃತಬಳ್ಳಿ ಕಷಾಯ ಕೊಡೋಣ ಎನ್ನುತ್ತಾರೆ. ಕೊಡಬಹುದೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದಲ ಪ್ರಶ್ನೆಗೆ ನೇರ ಉತ್ತರ ಹೇಳಿಬಿಡುತ್ತೇನೆ. ನಿಮ್ಮ ಮಗಳ ದೇಹ ಹೋರಾಡುತ್ತಿರುವುದು ಅವಳದೇ ಸತ್ತ ಜೀವಕೋಶಗಳ ಅವಶೇಷಗಳ ಜೊತೆ. ‘ಅವಳ ವಿರುದ್ಧವೇ ತಿರುಗಿದೆ’ ಎಂಬ ಮಾತು ತಪ್ಪೇನಲ್ಲ. ಆದರೆ ಅದನ್ನು ಕೇಳಿದ ಮನೆಯವರು, ದೇಹಕ್ಕೇ ಬುದ್ಧಿ ಕೆಟ್ಟ ಮೇಲೆ ಔಷಧ ಏನು ಮಾಡೀತು ಎಂದು ಕೈಚೆಲ್ಲುವುದನ್ನು ಹೊರರೋಗಿ ವಿಭಾಗದಲ್ಲಿ ಎಷ್ಟೋ ಸಲ ನೋಡಿದ್ದೇನೆ. ಕೆಟ್ಟಿರುವುದು ಎಲ್ಲಿ ಎಂಬುದು ಈಗ ಸಾಕಷ್ಟು ತಿಳಿದಿದೆ. ಮಾತ್ರೆ, ಬಿಸಿಲು, ಕಷಾಯ ಈ ಮೂರರ ಉತ್ತರವೂ ಅಲ್ಲಿಂದಲೇ ಬರುತ್ತದೆ. ಹಾಗಾಗಿ ಸ್ವಲ್ಪ ದೂರದಿಂದ ಆರಂಭಿಸುತ್ತೇನೆ.

ಉರಿಯೂತ ಉಂಟಾಗಲು ಕ್ರಿಮಿ ಇರಲೇಬೇಕೆಂದಿಲ್ಲ. ಕಾಲು ಉಳುಕಿದಾಗ ಚರ್ಮ ಹರಿದಿರುವುದಿಲ್ಲ, ಒಂದು ಬ್ಯಾಕ್ಟೀರಿಯಾವೂ ಒಳಹೊಕ್ಕಿರುವುದಿಲ್ಲ. ಆದರೂ ಸ್ವಲ್ಪ ಹೊತ್ತಿನಲ್ಲೇ ಆ ಜಾಗ ಊದಿಕೊಂಡು ಬಿಸಿಯಾಗುತ್ತದೆ. ಹೃದಯಾಘಾತದಲ್ಲಿ ಸತ್ತ ಸ್ನಾಯುವಿನ ಸುತ್ತ ಬಿಳಿ ರಕ್ತಕಣಗಳು ಮುತ್ತಿಕೊಳ್ಳುತ್ತವೆ, ಅಲ್ಲಿಯೂ ಸೋಂಕಿಲ್ಲ. ವೈದ್ಯರಿಗೆ ಇದು ಬಹಳ ಹಿಂದಿನಿಂದ ಗೊತ್ತಿದ್ದರೂ ಸಿದ್ಧಾಂತ ಬೇರೆಯೇ ಹೇಳುತ್ತಿತ್ತು. ರೋಗನಿರೋಧಕ ವ್ಯವಸ್ಥೆ ತನ್ನದು ಯಾವುದು, ಹೊರಗಿನದು ಯಾವುದು ಎಂದು ಗುರುತಿಸಿ, ಹೊರಗಿನದನ್ನು ಹೊಡೆಯುತ್ತದೆ ಎಂಬುದು 20ನೇ ಶತಮಾನದ ಮಧ್ಯಭಾಗದಿಂದ ಬಂದ ನಂಬಿಕೆ. ದೇಹ ತನ್ನದನ್ನು ಸಹಿಸಿಕೊಳ್ಳಲು ಹೇಗೆ ಕಲಿಯುತ್ತದೆ ಎಂದು ತೋರಿಸಿದ ಬರ್ನೆಟ್ ಮತ್ತು ಮೆಡಾವರ್ ಅವರಿಗೆ 1960ರಲ್ಲಿ ನೊಬೆಲ್ ಬಂತು. ಆದರೆ ಲಸಿಕೆ ತಯಾರಿಸುವವರಿಗೆ ಒಂದು ಮುಜುಗರದ ಸಂಗತಿ ತಿಳಿದಿತ್ತು. ಶುದ್ಧೀಕರಿಸಿದ ಹೊರಗಿನ ಪ್ರೋಟೀನನ್ನು ಒಂದನ್ನೇ ಚುಚ್ಚಿದರೆ ದೇಹ ಬಹುತೇಕ ಸುಮ್ಮನಿರುತ್ತಿತ್ತು. ಅದಕ್ಕೆ ಅಲ್ಯೂಮಿನಿಯಂ ಲವಣವನ್ನೋ ಸತ್ತ ಬ್ಯಾಕ್ಟೀರಿಯಾದ ಚೂರನ್ನೋ ಬೆರೆಸಿದರೆ ಮಾತ್ರ ಪ್ರತಿಕಾಯಗಳು, ಅಂದರೆ ಗುರಿಗೆ ಅಂಟಿಕೊಳ್ಳುವ ರಕ್ಷಣಾ ಪ್ರೋಟೀನುಗಳು, ಚೆನ್ನಾಗಿ ಹುಟ್ಟುತ್ತಿದ್ದವು. 1989ರಲ್ಲಿ ಯೇಲ್ ವಿಶ್ವವಿದ್ಯಾಲಯದ ಚಾರ್ಲ್ಸ್ ಜೇನ್ವೇ ಈ ಸಂಗತಿಯನ್ನೇ ಹಿಡಿದುಕೊಂಡು, ಕ್ರಿಮಿಗಳಲ್ಲಿ ಮಾತ್ರ ಇರುವ ಕೆಲವು ರಚನೆಗಳನ್ನು ಗುರುತಿಸುವ ಗ್ರಾಹಿಗಳು ನಮ್ಮ ಕೋಶಗಳಲ್ಲಿ ಇರಲೇಬೇಕು ಎಂದರು. ಮುಂದೆ ಅಂಥ ಗ್ರಾಹಿಗಳು ನಿಜವಾಗಿಯೂ ಸಿಕ್ಕವು. ಅವುಗಳಲ್ಲಿ ಟೋಲ್ ಎಂಬ ಗುಂಪಿನ ಕೆಲಸಕ್ಕೆ 2011ರಲ್ಲಿ ನೊಬೆಲ್ ಸಂದಿತು.

ಇನ್ನೂ ಒಂದು ಹೆಜ್ಜೆ ಮುಂದೆ ಹೋದವರು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಪಾಲಿ ಮ್ಯಾಟ್ಸಿಂಗರ್. ತಮ್ಮ ಸಾಕುನಾಯಿಯನ್ನು ಸಂಶೋಧನಾ ಪ್ರಬಂಧವೊಂದಕ್ಕೆ ಸಹಲೇಖಕಿಯಾಗಿ ಹಾಕಿ ಸಂಪಾದಕರ ಕೋಪಕ್ಕೆ ಗುರಿಯಾಗಿದ್ದ ಹೆಂಗಸು. ಒಪ್ಪಿತ ಮಾತನ್ನು ಪ್ರಶ್ನಿಸಲು ಅಂಜುವವರಲ್ಲ. 1994ರಲ್ಲಿ ಅವರು ಕೇಳಿದ್ದು ಇಷ್ಟೇ: ಅರ್ಧ ವಂಶವಾಹಿಗಳನ್ನು ತಂದೆಯಿಂದ ಪಡೆದ ಮಗುವನ್ನು ತಾಯಿಯ ಗರ್ಭ ಒಂಬತ್ತು ತಿಂಗಳು ಹೇಗೆ ಇಟ್ಟುಕೊಳ್ಳುತ್ತದೆ? ನಾವು ತಿನ್ನುವ ಬೇಳೆಯ ಪ್ರೋಟೀನು ನಮ್ಮದಲ್ಲ, ಅದರ ಮೇಲೆ ಯುದ್ಧ ಏಕೆ ನಡೆಯುವುದಿಲ್ಲ? ಅವರ ಉತ್ತರವೆಂದರೆ, ದೇಹ ಹೊರಗಿನದಕ್ಕೆ ಎಚ್ಚರಗೊಳ್ಳುವುದಕ್ಕಿಂತ ಹೆಚ್ಚಾಗಿ ಹಾನಿಗೆ ಎಚ್ಚರಗೊಳ್ಳುತ್ತದೆ. ರಾತ್ರಿ ಕಾವಲುಗಾರ ಅಪರಿಚಿತ ಮುಖ ಕಂಡಾಗಲೆಲ್ಲ ಕೂಗುವುದಿಲ್ಲ, ಯಾರದೋ ಮನೆಯ ಬಾಗಿಲು ಮುರಿದ ಸದ್ದು ಕೇಳಿದಾಗ ಕೂಗುತ್ತಾನೆ. ಮ್ಯಾಟ್ಸಿಂಗರ್ ವಾದವನ್ನು ಪೂರ್ತಿ ಒಪ್ಪದ ಪ್ರತಿರಕ್ಷಣಾ ವಿಜ್ಞಾನಿಗಳು ಇವತ್ತಿಗೂ ಇದ್ದಾರೆ. ಎರಡೂ ಬಗೆಯ ಗುರುತಿಸುವಿಕೆ ನಡೆಯುತ್ತದೆ ಎಂಬುದೇ ನನ್ನ ಅಭಿಪ್ರಾಯ. ಆದರೆ ಲೂಪಸ್‌ನಂಥ ಕಾಯಿಲೆಯನ್ನು ಅರ್ಥಮಾಡಿಕೊಳ್ಳಲು ಅವರ ದಾರಿಯಷ್ಟು ಉಪಯೋಗಕ್ಕೆ ಬಂದದ್ದು ಇನ್ನೊಂದಿಲ್ಲ.

ಬಾಗಿಲು ಮುರಿದ ಆ ಸದ್ದು ಯಾವುದು? ಪ್ರತಿದಿನ ನಮ್ಮ ದೇಹದಲ್ಲಿ ಸಾವಿರಾರು ಕೋಟಿ ಜೀವಕೋಶಗಳು ಸಾಯುತ್ತವೆ. ಅವುಗಳಲ್ಲಿ ಬಹುಪಾಲು ಕ್ರಮಬದ್ಧವಾಗಿ ಸಾಯುತ್ತವೆ. ಕೋಶ ಕುಗ್ಗುತ್ತದೆ, ತನ್ನ ಡಿಎನ್‌ಎಯನ್ನು ತಾನೇ ತುಂಡರಿಸಿಕೊಳ್ಳುತ್ತದೆ, ಪೊರೆಯೊಳಗೇ ಉಳಿದು ಪುಟ್ಟ ಪುಟ್ಟ ಚೂರುಗಳಾಗುತ್ತದೆ. ಮ್ಯಾಕ್ರೊಫೇಜ್ ಎಂಬ ಭಕ್ಷಕ ಕೋಶಗಳು ಅವನ್ನು ಸದ್ದಿಲ್ಲದೆ ನುಂಗಿಬಿಡುತ್ತವೆ, ನುಂಗುವಾಗ ಉರಿಯೂತವನ್ನು ತಗ್ಗಿಸುವ ರಾಸಾಯನಿಕಗಳನ್ನೂ ಬಿಡುತ್ತವೆ. ಇನ್ನು ಕೆಲವು ಕೋಶಗಳು ಪೆಟ್ಟಿನಿಂದ, ಸುಟ್ಟು, ರಕ್ತ ಸಿಗದೆ ಒಡೆದು ಸಾಯುತ್ತವೆ. ಆಗ ಒಳಗೇ ಇರಬೇಕಾದದ್ದೆಲ್ಲ ಹೊರಗೆ ಚೆಲ್ಲುತ್ತದೆ. ಕೋಶಕ್ಕೆ ಶಕ್ತಿ ಕೊಡುವ ಎಟಿಪಿ, ಯೂರಿಕ್ ಆಮ್ಲ, ಡಿಎನ್‌ಎಗೆ ಅಂಟಿಕೊಂಡಿರುವ ಎಚ್‌ಎಂಜಿಬಿ1 ಎಂಬ ಪ್ರೋಟೀನು, ಡಿಎನ್‌ಎ ಮತ್ತು ಆರ್‌ಎನ್‌ಎ ಎಲ್ಲವೂ. ಒಳಗಿರುವಾಗ ಇವು ದಿನನಿತ್ಯದ ಕೆಲಸದ ಅಣುಗಳು, ಹೊರಬಿದ್ದರೆ ಅಪಾಯ ಸಂಕೇತಗಳು. 2002ರಲ್ಲಿ ಇಟಲಿಯ ಮಾರ್ಕೊ ಬಿಯಾಂಕಿ ಮತ್ತು ಸಂಗಡಿಗರು ಇದನ್ನು ಅಂದವಾಗಿ ತೋರಿಸಿದರು. ಒಡೆದು ಸತ್ತ ಕೋಶಗಳಿಂದ ಎಚ್‌ಎಂಜಿಬಿ1 ಹೊರಗೆ ಸೋರಿ ಉರಿಯೂತ ಹುಟ್ಟಿಸುತ್ತದೆ; ಕ್ರಮಬದ್ಧವಾಗಿ ಸತ್ತ ಕೋಶಗಳು ಅದನ್ನು ಬಿಗಿಯಾಗಿ ಹಿಡಿದುಕೊಂಡೇ ಸಾಯುತ್ತವೆ. ಕೋಶದೊಳಗಿನ ಶಕ್ತಿ ಘಟಕವಾದ ಮೈಟೊಕಾಂಡ್ರಿಯಾದ ಡಿಎನ್‌ಎ ಹೊರಬಿದ್ದರಂತೂ ಗೊಂದಲ ಇನ್ನೂ ಹೆಚ್ಚು. ಕೋಟ್ಯಂತರ ವರ್ಷಗಳ ಹಿಂದೆ ಮೈಟೊಕಾಂಡ್ರಿಯಾ ಸ್ವತಃ ಬ್ಯಾಕ್ಟೀರಿಯಾವೇ ಆಗಿತ್ತು, ಅದರ ಗುರುತು ಇನ್ನೂ ಅಳಿಸಿಲ್ಲ.

ಒಂದೇ ಒಂದು ಸಂಕೇತ ಎಷ್ಟು ಕಾಟ ಕೊಡಬಲ್ಲದು ಎಂಬುದಕ್ಕೆ ನಿಮ್ಮ ನೆಂಟರಲ್ಲೇ ಯಾರಿಗಾದರೂ ಇರಬಹುದಾದ ಗೌಟ್ ಸಾಕ್ಷಿ. ಕಾಲಿನ ಹೆಬ್ಬೆರಳಿನ ಬುಡದಲ್ಲಿ ಯೂರಿಕ್ ಆಮ್ಲದ ಹರಳುಗಳು ಕೂತುಕೊಂಡರೆ, ಭಕ್ಷಕ ಕೋಶದೊಳಗಿನ ಇನ್‌ಫ್ಲಮಸೋಮ್ ಎಂಬ ಯಂತ್ರ ಚಾಲೂ ಆಗಿ ಉರಿಯೂತ ಹೆಚ್ಚಿಸುವ ಇಂಟರ್‌ಲ್ಯೂಕಿನ್-1 ಎಂಬ ಪ್ರೋಟೀನನ್ನು ಸುರಿಯುತ್ತದೆ. ಸ್ವಿಟ್ಜರ್ಲೆಂಡಿನ ಯುರ್ಗ್ ಚೋಪ್ ಅವರ ತಂಡ ಇದನ್ನು 2006ರಲ್ಲಿ ತೋರಿಸಿತು. ಗೌಟ್‌ನಲ್ಲಿ ಪ್ರತಿಕಾಯಗಳ ಪಾತ್ರವಿಲ್ಲ, ಹರಳು ಕರಗಿದರೆ ಕಥೆ ಮುಗಿಯಿತು. ಲೂಪಸ್‌ನಲ್ಲಿ ಹಾಗಲ್ಲ. ಅಲ್ಲಿ ಸಂಕೇತ ಮತ್ತು ಪ್ರತಿಕಾಯ ಎರಡೂ ಸೇರಿ ಒಂದನ್ನೊಂದು ಬೆಳೆಸುತ್ತವೆ.

ಲೂಪಸ್‌ನ ಮೊದಲ ದೋಷ ಸ್ವಚ್ಛತೆಯದು. ಸತ್ತ ಕೋಶಗಳನ್ನು ಲೂಪಸ್ ರೋಗಿಗಳ ಭಕ್ಷಕ ಕೋಶಗಳು ನಿಧಾನವಾಗಿ ನುಂಗುತ್ತವೆ ಎಂದು ಜರ್ಮನಿಯ ಎರ್ಲಾಂಗನ್ ವಿಶ್ವವಿದ್ಯಾಲಯದ ತಂಡ 1998ರಲ್ಲಿ ವರದಿ ಮಾಡಿತು. ಸತ್ತ ಕೋಶಕ್ಕೆ ಅಂಟಿಕೊಂಡು ‘ಇದನ್ನು ತೆಗೆಯಿರಿ’ ಎಂದು ಗುರುತು ಹಾಕುವ ಸಿ1ಕ್ಯೂ ಎಂಬ ಪ್ರೋಟೀನು ಹುಟ್ಟಿನಿಂದಲೇ ಇಲ್ಲದವರು ಬಹಳ ಅಪರೂಪ. ಅಂಥವರಲ್ಲಿ ಬಹುಪಾಲು ಜನರಿಗೆ ಲೂಪಸ್ ಅಥವಾ ಅದರಂಥದ್ದೇ ಕಾಯಿಲೆ ಬರುತ್ತದೆ. ರಕ್ತದಲ್ಲಿ ತೇಲುವ ಡಿಎನ್‌ಎಯನ್ನು ಕತ್ತರಿಸುವ ಕಿಣ್ವವೊಂದು ಕೆಲಸ ಮಾಡದ ಕುಟುಂಬಗಳು ಸೌದಿ ಅರೇಬಿಯಾದಲ್ಲಿ ಪತ್ತೆಯಾದವು. 2011ರ ಆ ವರದಿಯ ಪ್ರಕಾರ ಆ ಮಕ್ಕಳಿಗೆ ಎಳೆ ವಯಸ್ಸಿನಲ್ಲೇ ಲೂಪಸ್ ಬಂದಿತ್ತು. ನಿಮ್ಮ ಮಗಳಲ್ಲಿ ಇಂಥ ಒಂಟಿ ವಂಶವಾಹಿಯ ದೋಷ ಇರುವ ಸಂಭವ ತೀರಾ ಕಡಿಮೆ. ಆದರೆ ಪ್ರಕೃತಿಯೇ ಮಾಡಿಟ್ಟ ಈ ಪ್ರಯೋಗಗಳು ಹೇಳುವುದು ಸ್ಪಷ್ಟವಾಗಿದೆ: ಅವಶೇಷ ತೆಗೆಯುವ ಕೆಲಸ ಕುಂಟಿದರೆ ಲೂಪಸ್ ಬರಬಹುದು.

ಹಾಗೆ ಉಳಿದ ಡಿಎನ್‌ಎ, ಆರ್‌ಎನ್‌ಎ ಚೂರುಗಳಿಗೆ ಪ್ರತಿಕಾಯಗಳು ಅಂಟಿಕೊಳ್ಳುತ್ತವೆ. ನಿಮ್ಮ ಮಗಳ ವರದಿಯಲ್ಲಿ ಎಎನ್‌ಎ ಮತ್ತು ಡಿಎಸ್‌ಡಿಎನ್‌ಎ ಪಾಸಿಟಿವ್ ಎಂದರೆ ಇವೇ, ಕೋಶಕೇಂದ್ರದ ವಸ್ತುಗಳ ವಿರುದ್ಧ ಹುಟ್ಟಿದ ಪ್ರತಿಕಾಯಗಳು. ಎಎನ್‌ಎ ಒಂದೇ ಪಾಸಿಟಿವ್ ಆದರೆ ಅದಕ್ಕೆ ದೊಡ್ಡ ಅರ್ಥವಿಲ್ಲ, ಆರೋಗ್ಯವಂತರಲ್ಲೂ ಅದು ಕಾಣಿಸಿಕೊಳ್ಳುತ್ತದೆ. ಇದನ್ನು ಒತ್ತಿ ಹೇಳಲು ಕಾರಣ, ಸುಮ್ಮನೆ ಎಎನ್‌ಎ ಮಾಡಿಸಿಕೊಂಡು ಗಾಬರಿಯಿಂದ ಓಡಿಬರುವವರ ಸಂಖ್ಯೆ ಈಚೆಗೆ ವಿಪರೀತವಾಗಿದೆ.

ಮುಂದಿನದು ನನಗೆ ಈ ಕಾಯಿಲೆಯ ಅತ್ಯಂತ ಕುತೂಹಲದ ಭಾಗ. ಡಿಎನ್‌ಎ, ಆರ್‌ಎನ್‌ಎಗಳನ್ನು ಗುರುತಿಸುವ ಟೋಲ್ ಗ್ರಾಹಿಗಳು ನಮ್ಮಲ್ಲಿರುವುದು ವೈರಸ್‌ಗಳನ್ನು ಹಿಡಿಯಲು. ಆರ್‌ಎನ್‌ಎಗೆ ಟಿಎಲ್‌ಆರ್-7, ಡಿಎನ್‌ಎಗೆ ಟಿಎಲ್‌ಆರ್-9. ವೈರಸ್‌ನ ಆರ್‌ಎನ್‌ಎಗೂ ನಮ್ಮ ಆರ್‌ಎನ್‌ಎಗೂ ರಾಸಾಯನಿಕವಾಗಿ ಅಷ್ಟೇನೂ ವ್ಯತ್ಯಾಸವಿಲ್ಲ. ತಪ್ಪು ಆಗದಿರಲಿ ಎಂದು ಈ ಗ್ರಾಹಿಗಳನ್ನು ಕೋಶದ ಹೊರಮೈಯಲ್ಲಿಡದೆ, ಒಳಗೆ ಎಂಡೋಸೋಮ್ ಎಂಬ ಸಣ್ಣ ಚೀಲಗಳಲ್ಲಿ ಬಚ್ಚಿಡಲಾಗಿದೆ. ಹೊರಗೆ ತೇಲುವ ನಮ್ಮದೇ ಚೂರುಗಳು ಅಲ್ಲಿಗೆ ತಲುಪುವ ಮೊದಲೇ ಕಿಣ್ವಗಳು ಅವನ್ನು ತುಂಡು ಮಾಡುತ್ತವೆ. ಲೂಪಸ್‌ನ ಪ್ರತಿಕಾಯಗಳು ಈ ವ್ಯವಸ್ಥೆಯನ್ನೇ ದಾಟಿಬಿಡುತ್ತವೆ. ಪ್ರತಿಕಾಯವನ್ನು ಹಿಡಿದು ಒಳಗೆಳೆದುಕೊಳ್ಳುವ ಕೊಂಡಿಗಳು ಕೋಶದ ಮೇಲಿವೆ. ಪ್ರತಿಕಾಯದ ಜೊತೆ ಅದಕ್ಕೆ ಅಂಟಿದ ಡಿಎನ್‌ಎಯೂ ಕಿಣ್ವಗಳಿಂದ ತಪ್ಪಿಸಿಕೊಂಡು ನೇರ ಎಂಡೋಸೋಮಿಗೆ ಇಳಿಯುತ್ತದೆ. ಪ್ಲಾಸ್ಮಸೈಟಾಯ್ಡ್ ಡೆಂಡ್ರಿಟಿಕ್ ಕೋಶಗಳೆಂಬ ವಿಶೇಷ ಕೋಶಗಳು ಇದನ್ನು ವೈರಸ್ ದಾಳಿ ಎಂದೇ ತಿಳಿದು ಇಂಟರ್‌ಫೆರಾನ್ ಸುರಿಸುತ್ತವೆ. ವೈರಲ್ ಜ್ವರದಲ್ಲಿ ಮೈಕೈ ನೋವು, ಸುಸ್ತು ತರುವ ಅದೇ ಇಂಟರ್‌ಫೆರಾನ್. ನಿಮ್ಮ ಮಗಳಿಗೆ ಡೆಂಗಿ ಇದೆಯೇನೋ ಎಂದು ವೈದ್ಯರಿಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ದೇಹ ಇಲ್ಲದ ವೈರಸ್‌ನ ವಿರುದ್ಧ ನಿಜವಾದ ವೈರಲ್ ಜ್ವರವನ್ನೇ ನಡೆಸುತ್ತಿತ್ತು.

ಇಂಟರ್‌ಫೆರಾನ್ ಇನ್ನಷ್ಟು ಬಿ ಕೋಶಗಳನ್ನು ಎಚ್ಚರಿಸುತ್ತದೆ, ಅವು ಇನ್ನಷ್ಟು ಪ್ರತಿಕಾಯ ಮಾಡುತ್ತವೆ. ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ತಮ್ಮ ಡಿಎನ್‌ಎಯನ್ನೇ ಬಲೆಯಂತೆ ಹೊರಗೆ ಎಸೆದು ಸಾಯುತ್ತವೆ. ಬ್ಯಾಕ್ಟೀರಿಯಾ ಹಿಡಿಯಲು ಇರುವ ಈ ತಂತ್ರವನ್ನು 2004ರಲ್ಲಿ ಬರ್ಲಿನ್‌ನಲ್ಲಿ ಕಂಡುಹಿಡಿದರು. ಲೂಪಸ್‌ನಲ್ಲಿ ಇದೇ ಬಲೆಗಳು ಹೊಸ ಡಿಎನ್‌ಎ ರಾಶಿಯನ್ನು ಒದಗಿಸುತ್ತವೆ, ಸುತ್ತು ಮತ್ತೆ ಶುರುವಾಗುತ್ತದೆ. ಇಂಟರ್‌ಫೆರಾನ್ ಬರಿಯ ಜೊತೆಗಾರನಲ್ಲ ಎಂಬುದಕ್ಕೆ ಪುರಾವೆ ಸ್ವೀಡನ್ನಿನ ಉಪ್ಸಾಲಾದಿಂದ 1990ರ ಸುಮಾರಿಗೆ ಬಂತು: ಗಡ್ಡೆಯ ಚಿಕಿತ್ಸೆಗೆಂದು ಇಂಟರ್‌ಫೆರಾನ್ ಪಡೆಯುತ್ತಿದ್ದ ರೋಗಿಯೊಬ್ಬರಿಗೆ ಲೂಪಸ್ ಬಂದಿತ್ತು. ಇಂಟರ್‌ಫೆರಾನ್‌ನ ಗ್ರಾಹಿಯನ್ನು ತಡೆಯುವ ಅನಿಫ್ರೊಲುಮ್ಯಾಬ್ ಎಂಬ ಔಷಧಕ್ಕೆ 2021ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

ಮಗನಿಗೆ ಬರದೆ ಮಗಳಿಗೇ ಏಕೆ ಎಂದು ತಾಯಂದಿರು ಕೇಳುವುದುಂಟು. ಲೂಪಸ್ ರೋಗಿಗಳಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹೆಂಗಸರು. ಹಾರ್ಮೋನುಗಳ ಪಾತ್ರವಿದೆ, ಜೊತೆಗೆ ಇನ್ನೊಂದು ಸಂಗತಿ: ಟಿಎಲ್‌ಆರ್-7 ವಂಶವಾಹಿ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಹೆಂಗಸರಲ್ಲಿ ಎರಡು ಎಕ್ಸ್‌ಗಳಿದ್ದು ಒಂದು ಮುಚ್ಚಿರಬೇಕು. ಆದರೆ ಈ ವಂಶವಾಹಿ ಕೆಲವು ಕೋಶಗಳಲ್ಲಿ ಮುಚ್ಚಿದ ಎಕ್ಸ್‌ನಿಂದಲೂ ಕೆಲಸ ಮಾಡುತ್ತದೆ. ಹುಟ್ಟಿನಿಂದಲೇ ಒಂದು ಎಕ್ಸ್ ಹೆಚ್ಚಿರುವ ಗಂಡಸರಲ್ಲಿ ಲೂಪಸ್‌ನ ಸಾಧ್ಯತೆ ಬಹುತೇಕ ಹೆಂಗಸರಷ್ಟೇ ಇದೆ. 2022ರಲ್ಲಿ ಸ್ಪೇನಿನ ಬಾಲಕಿಯೊಬ್ಬಳಲ್ಲಿ ಟಿಎಲ್‌ಆರ್-7ರ ಒಂದೇ ಅಕ್ಷರದ ಬದಲಾವಣೆ ತೀವ್ರ ಲೂಪಸ್ ತಂದದ್ದು ಪತ್ತೆಯಾಯಿತು. ಅದೇ ಬದಲಾವಣೆಯನ್ನು ಇಲಿಗಳಲ್ಲಿ ಮಾಡಿದಾಗ ಅವಕ್ಕೂ ಲೂಪಸ್ ಬಂತು. ಇಷ್ಟರಿಂದ ಎಲ್ಲ ಬಗೆಹರಿಯಿತು ಎಂದುಕೊಳ್ಳಬೇಡಿ. ಲೂಪಸ್ ಇಲಿಗಳಲ್ಲಿ ಟಿಎಲ್‌ಆರ್-7 ತೆಗೆದರೆ ಕಾಯಿಲೆ ತಗ್ಗುತ್ತದೆ, ಟಿಎಲ್‌ಆರ್-9 ತೆಗೆದರೆ ವಿಚಿತ್ರವಾಗಿ ಇನ್ನೂ ಕೆರಳುತ್ತದೆ. ಅಪಾಯ ಸಂಕೇತಗಳನ್ನೆಲ್ಲ ಒಟ್ಟಿಗೆ ಮುಚ್ಚಿಬಿಟ್ಟರೆ ರೋಗ ಹೋಗುತ್ತದೆ ಎಂಬ ಸರಳ ಆಸೆಗೆ ಈ ಇಲಿಗಳು ತಣ್ಣೀರೆರಚಿವೆ.

ಈಗ ಜಾತ್ರೆಯ ಬಿಸಿಲಿಗೆ ಬರುತ್ತೇನೆ. ಬಿಸಿಲಿನ ಅತಿನೇರಳೆ ಕಿರಣಗಳು ಚರ್ಮದ ಮೇಲ್ಪದರದ ಕೋಶಗಳನ್ನು ಕೊಲ್ಲುತ್ತವೆ, ಎಲ್ಲರಲ್ಲೂ. ಸಾಯುವಾಗ ಅವುಗಳ ಮೈಮೇಲೆ ಗುಳ್ಳೆಗಳೆದ್ದು, ಒಳಗಿನ ವಸ್ತುಗಳು ಆ ಗುಳ್ಳೆಗಳಲ್ಲಿ ಸೇರಿ ಹೊರಮೈಗೆ ಬರುತ್ತವೆ. 1994ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನ ಸಂಶೋಧಕರು ಆ ಗುಳ್ಳೆಗಳಲ್ಲಿ ಕಂಡದ್ದು ಲೂಪಸ್‌ನ ಪ್ರತಿಕಾಯಗಳು ಗುರಿಯಿಡುವ ವಸ್ತುಗಳನ್ನೇ. ನನ್ನಲ್ಲಿ, ನಿಮ್ಮಲ್ಲಿ ಅವು ಬೇಗ ತೆರವಾಗುತ್ತವೆ. ನಿಮ್ಮ ಮಗಳಲ್ಲಿ ಒಂದು ದಿನದ ಬಿಸಿಲೆಂದರೆ ಒಂದೇ ಬಾರಿಗೆ ಅಪಾರ ಇಂಧನ. ಹಾಗಾಗಿ ಬಿಸಿಲು ಮುಖದ ದದ್ದಿಗಷ್ಟೇ ಸಂಬಂಧಿಸಿದ್ದಲ್ಲ. ಗಂಟುನೋವನ್ನೂ ಮೂತ್ರಪಿಂಡದ ತೊಂದರೆಯನ್ನೂ ಅದು ಕೆರಳಿಸಬಲ್ಲದು. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಹೊರಗೆ ಹೋಗಬೇಕಾದರೆ ಕೊಡೆ, ತುಂಬುತೋಳಿನ ಉಡುಪು ಇರಲಿ. ಎಸ್‌ಪಿಎಫ್ 30ಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನನ್ನು ಮುಖ, ಕುತ್ತಿಗೆ, ಕೈಗಳಿಗೆ ಹಚ್ಚಿ, ಎರಡು ಮೂರು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಸ್ಕೂಟರಿನಲ್ಲಿ ಹೋಗುವಾಗ ಮುಂಗೈ ಮರೆಯುವವರೇ ಹೆಚ್ಚು. ಬಸ್ಸಿನ ಕಿಟಕಿಯ ಗಾಜು ಸಾಕೆಂದುಕೊಳ್ಳಬೇಡಿ, ಅತಿನೇರಳೆ ಎ ಕಿರಣ ಗಾಜನ್ನು ದಾಟುತ್ತದೆ. ಬಿಸಿಲು ತಪ್ಪಿಸುವವರಲ್ಲಿ ಡಿ ವಿಟಮಿನ್ ಕುಸಿಯುವುದರಿಂದ ಅದನ್ನು ಪರೀಕ್ಷಿಸಿ ಮಾತ್ರೆಯಲ್ಲಿ ಕೊಡುತ್ತೇವೆ.

ಮಲೇರಿಯಾ ಮಾತ್ರೆ, ಅಂದರೆ ಹೈಡ್ರಾಕ್ಸಿಕ್ಲೊರೊಕ್ವಿನ್, ಹೋಗಿ ಸೇರುವುದು ಮೇಲೆ ಹೇಳಿದ ಎಂಡೋಸೋಮ್ ಚೀಲಗಳಿಗೇ. ಅಲ್ಲಿನ ಆಮ್ಲೀಯತೆಯನ್ನು ಬದಲಿಸಿ, ಡಿಎನ್‌ಎ, ಆರ್‌ಎನ್‌ಎ ಚೂರುಗಳು ಟಿಎಲ್‌ಆರ್-7 ಮತ್ತು 9ನ್ನು ಕೆರಳಿಸದಂತೆ ತಡೆಯುತ್ತದೆ. ಸ್ಟೀರಾಯ್ಡ್ ಎದ್ದ ಉರಿಯನ್ನು ಆರಿಸಿದರೆ, ಈ ಮಾತ್ರೆ ಕಿಡಿ ತಾಗುವ ಜಾಗದಲ್ಲೇ ನಿಂತಿರುತ್ತದೆ. ಸೋಜಿಗವೆಂದರೆ, ಟೋಲ್ ಗ್ರಾಹಿಗಳ ಹೆಸರೇ ಹುಟ್ಟದಿದ್ದ ಕಾಲದಲ್ಲಿ, 1894ರಲ್ಲೇ, ಲಂಡನ್ನಿನ ವೈದ್ಯರೊಬ್ಬರು ಲೂಪಸ್ ದದ್ದಿಗೆ ಕ್ವಿನೈನ್ ಕೊಟ್ಟು ಗುಣ ಕಂಡಿದ್ದರು. ಇದರ ಕೆಲಸ ನಿಧಾನ, ಪೂರ್ಣ ಪರಿಣಾಮಕ್ಕೆ ಕೆಲವು ತಿಂಗಳು ಬೇಕು. ನಿಲ್ಲಿಸಿದರೂ ಕೂಡಲೇ ಏನೂ ಆಗುವುದಿಲ್ಲ, ಮೋಸ ಇರುವುದೇ ಅಲ್ಲಿ. 1991ರಲ್ಲಿ ಪ್ರಕಟವಾದ ಕೆನಡಾದ ಪ್ರಯೋಗದಲ್ಲಿ, ಆರಾಮಾಗಿದ್ದ ರೋಗಿಗಳಲ್ಲಿ ಕೆಲವರಿಗೆ ಮಾತ್ರೆ ಮುಂದುವರಿಸಿ ಉಳಿದವರಿಗೆ ಅದರಂತೆಯೇ ಕಾಣುವ ಹುಸಿ ಮಾತ್ರೆ ಕೊಟ್ಟರು. ಆರು ತಿಂಗಳೊಳಗೆ ಹುಸಿ ಮಾತ್ರೆಯವರಲ್ಲಿ ರೋಗ ಮರುಕಳಿಸುವ ಸಾಧ್ಯತೆ ಎರಡೂವರೆ ಪಟ್ಟು ಹೆಚ್ಚಾಗಿತ್ತು. ಆದ್ದರಿಂದ ನಿಲ್ಲಿಸಬೇಡಿ. 2020ರಲ್ಲಿ ಕೋವಿಡ್‌ಗೆ ಇದೇ ಮದ್ದು ಎಂಬ ಗಾಳಿಮಾತಿನಿಂದ ಅಂಗಡಿಗಳಲ್ಲಿ ಈ ಮಾತ್ರೆ ಮಾಯವಾಗಿ, ನಿಜಕ್ಕೂ ಬೇಕಾಗಿದ್ದ ಲೂಪಸ್ ರೋಗಿಗಳು ಪರದಾಡಿದ್ದು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಕಣ್ಣಿನ ಬಗೆಗಿನ ಭಯಕ್ಕೆ ಆಧಾರವಿದೆ, ಆದರೆ ಮಿತಿಯೂ ಇದೆ. ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 5 ಮಿಲಿಗ್ರಾಂ ಮೀರದಿದ್ದರೆ ಅಕ್ಷಿಪಟಲಕ್ಕೆ ಹಾನಿ ಮೊದಲ ವರ್ಷಗಳಲ್ಲಿ ಅಪರೂಪ. ಆರಂಭದಲ್ಲಿ ಒಮ್ಮೆ, ಐದು ವರ್ಷಗಳ ನಂತರ ಪ್ರತಿವರ್ಷ ಕಣ್ಣಿನ ತಜ್ಞರಲ್ಲಿ ಪರೀಕ್ಷೆ ಮಾಡಿಸಿ. ಸ್ಟೀರಾಯ್ಡ್ ಮಾತ್ರೆಯೂ ಇದ್ದರೆ ಅದನ್ನು ವೈದ್ಯರು ಹೇಳಿದಂತೆ ಹಂತಹಂತವಾಗಿಯೇ ಇಳಿಸಬೇಕು.

ನಿಮ್ಮ ಅತ್ತೆಯವರ ಕಾಳಜಿ ಅರ್ಥವಾಗುತ್ತದೆ. ಆದರೆ ನಿಮ್ಮ ಮಗಳಿಗೆ ರೋಗನಿರೋಧಕ ಶಕ್ತಿ ಕಡಿಮೆಯಾಗಿ ಈ ಕಾಯಿಲೆ ಬಂದಿಲ್ಲ. ಬಡಿದೆಬ್ಬಿಸಬಾರದ ಕೋಶಗಳು ಈಗಾಗಲೇ ಎದ್ದು ಕೂತಿವೆ. ಅಮೃತಬಳ್ಳಿಯನ್ನು ಜನ ಕುಡಿಯುವುದೇ ಆ ಕೋಶಗಳನ್ನು ಚುರುಕುಗೊಳಿಸಲು. 2021ರಲ್ಲಿ ಮುಂಬಯಿಯ ಯಕೃತ್ತು ತಜ್ಞರು, ಅಮೃತಬಳ್ಳಿ ಸೇವಿಸುತ್ತಿದ್ದ ಆರು ರೋಗಿಗಳಲ್ಲಿ ಸ್ವಯಂ ಪ್ರತಿರಕ್ಷಣಾ ರೋಗವನ್ನು ಹೋಲುವ ಯಕೃತ್ತಿನ ಉರಿಯೂತವನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಚರ್ಚೆ ಜೋರಾಗಿಯೇ ನಡೆಯಿತು. ಆ ಚರ್ಚೆ ಹೇಗೇ ಮುಗಿಯಲಿ, ಲೂಪಸ್ ಇರುವವರಿಗೆ ನಾನಂತೂ ಇದನ್ನು ಬೇಡ ಎನ್ನುತ್ತೇನೆ. ಅಡುಗೆಯ ಅರಿಸಿನ, ಶುಂಠಿಗೆ ಅಡ್ಡಿಯಿಲ್ಲ. ‘ಇಮ್ಯೂನಿಟಿ ಬೂಸ್ಟರ್’ ಎಂದು ಬರೆದ ಯಾವ ಡಬ್ಬಿಯೂ ಮನೆಗೆ ಬರದಿರಲಿ.

ಮತ್ತೆ ಜ್ವರ ಬಂದರೆ ‘ಇದು ಲೂಪಸ್ಸೇ’ ಎಂದು ಮನೆಯಲ್ಲೇ ತೀರ್ಮಾನಿಸಬೇಡಿ. ರೋಗದಿಂದಲೂ ಔಷಧದಿಂದಲೂ ಸೋಂಕು ತಗಲುವ ಸಾಧ್ಯತೆ ಅವಳಿಗೆ ಹೆಚ್ಚು. ಉರಿಯೂತವನ್ನು ಅಳೆಯುವ ಎರಡು ರಕ್ತಪರೀಕ್ಷೆಗಳಲ್ಲಿ, ಲೂಪಸ್ ಕೆರಳಿದಾಗ ಇಎಸ್‌ಆರ್ ಏರುತ್ತದೆ, ಸಿಆರ್‌ಪಿ ಸಾಮಾನ್ಯವಾಗಿ ಅಷ್ಟು ಏರುವುದಿಲ್ಲ. ಸಿ3, ಸಿ4 ಎಂಬ ಪ್ರೋಟೀನುಗಳು ಖರ್ಚಾಗಿ ಇಳಿಯುತ್ತವೆ. ಸಿಆರ್‌ಪಿ ತುಂಬ ಏರಿದ್ದರೆ ನಾವು ಮೊದಲು ಸೋಂಕನ್ನೇ ಹುಡುಕುತ್ತೇವೆ. ಬೇರೆ ವೈದ್ಯರಲ್ಲಿಗೆ ಹೋದಾಗ ಲೂಪಸ್ ಇದೆ ಎಂದು ಮೊದಲೇ ತಿಳಿಸಿ, ಸಲ್ಫಾ ಗುಂಪಿನ ಔಷಧಗಳು ಕೆಲವರಲ್ಲಿ ರೋಗವನ್ನು ಕೆರಳಿಸುತ್ತವೆ.

ನೀವು ಕೇಳದಿದ್ದರೂ ಮನಸ್ಸಿನಲ್ಲಿರಬಹುದಾದ ಮದುವೆಯ ವಿಷಯ: ಆಗಬಹುದು, ಮಕ್ಕಳೂ ಆಗಬಹುದು. ರೋಗ ಕನಿಷ್ಠ ಆರು ತಿಂಗಳು ಶಾಂತವಾಗಿದ್ದ ಮೇಲೆ, ತಜ್ಞರಿಗೆ ತಿಳಿಸಿ ಗರ್ಭ ಧರಿಸುವುದು ಒಳ್ಳೆಯದು. ಹೈಡ್ರಾಕ್ಸಿಕ್ಲೊರೊಕ್ವಿನ್ ಗರ್ಭಾವಸ್ಥೆಯಲ್ಲೂ ಮುಂದುವರಿಯುತ್ತದೆ. ಮೊದಲೇ ಆ್ಯಂಟಿ-ರೋ ಪ್ರತಿಕಾಯದ ಪರೀಕ್ಷೆ ಮಾಡಿಸಬೇಕು, ಅದು ಇದ್ದವರ ಮಕ್ಕಳಲ್ಲಿ ನೂರಕ್ಕೆ ಒಂದೆರಡು ಕೂಸುಗಳಿಗೆ ಹೃದಯದ ಬಡಿತ ನಿಧಾನವಾಗುವ ತೊಂದರೆ ಬರುತ್ತದೆ.

ನನಗೆ ನಿಮ್ಮ ಪತ್ರದಲ್ಲಿ ಕಾಣಿಸದೇ ಹೋದದ್ದು ಮೂತ್ರದ ವರದಿ. ಪ್ರತಿಕಾಯ ಮತ್ತು ಡಿಎನ್‌ಎ ಸೇರಿದ ಗಂಟುಗಳು ಮೂತ್ರಪಿಂಡದ ಜಾಲರಿಯಲ್ಲಿ ಸಿಕ್ಕಿಕೊಂಡಾಗ ನೋವೇ ಇರುವುದಿಲ್ಲ. ಮೂತ್ರದಲ್ಲಿ ನೊರೆ, ಕಾಲಿನ ಬಾವು, ರಕ್ತದೊತ್ತಡ ಕಾಣಿಸುವ ಹೊತ್ತಿಗೆ ತಡವಾಗಿರಬಹುದು. ಡಿಎಸ್‌ಡಿಎನ್‌ಎ ಪಾಸಿಟಿವ್ ಇರುವವರಲ್ಲಿ ಇದರ ಸಾಧ್ಯತೆ ಹೆಚ್ಚು. ಮುಂದಿನ ಸಲ ಹೋದಾಗ ಮೂತ್ರದ ಪ್ರೋಟೀನ್-ಕ್ರಿಯಾಟಿನಿನ್ ಅನುಪಾತದ ಪರೀಕ್ಷೆ ಬರೆದುಕೊಡಿ ಎಂದು ಕೇಳಿ. ಮೊದಲ ಕೆಲವು ವರ್ಷ ಮೂರು ತಿಂಗಳಿಗೊಮ್ಮೆಯಾದರೂ ಅದು ಆಗುತ್ತಿರಲಿ. ಬೆಳಗಿನ ಮೊದಲ ಮೂತ್ರ ಕೊಂಡೊಯ್ದರೆ ಫಲಿತಾಂಶ ಹೆಚ್ಚು ನಂಬಲರ್ಹವಾಗಿರುತ್ತದೆ.